ಗೋಡೆಗೆ ಉಡಿಸುವ ಮುನ್ನ

ಹೊಸ ಮನೆಯ ಗಾರೆ ಒಣಗುವ ಮೊದಲೇ ಅದರ ಒಳಾಂಗಣ ಮೊಬೈಲಿನಲ್ಲಿ ಸಿದ್ಧವಾಗಿರುತ್ತದೆ. ಪಿಂಟರೆಸ್ಟ್‌ನಲ್ಲಿ ಕಂಡ ಸೋಫಾ, ಇನ್‌ಸ್ಟಾಗ್ರಾಂನಲ್ಲಿ ಕಂಡ ತೂಗುದೀಪ, ಕೊಲ್ಲಿಯಲ್ಲಿರುವ ಸಂಬಂಧಿಕರು ಕಳುಹಿಸಿದ ವೀಡಿಯೊದ ಪರದೆ, ಹೀಗೆ ಬಡಗಿಗೂ ಬಣ್ಣದವನಿಗೂ ತೋರಿಸಲು ಚಿತ್ರಗಳ ದೊಡ್ಡ ಕಟ್ಟೇ ಇರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಮನೆಯನ್ನು ಅಂದವಾಗಿಡುವ ಹಂಬಲವನ್ನೇ ಲೌಕಿಕವೆಂದು ಹೀಗಳೆಯುವವರು ಅಲ್ ಅಅ್‌ರಾಫ್ ಅಧ್ಯಾಯದ 31 ಮತ್ತು 32ನೆಯ ಸೂಕ್ತಗಳನ್ನು ಜೊತೆಯಾಗಿ ಓದಬೇಕು. ಮೊದಲನೆಯದು ಮಿತಿಮೀರುವುದನ್ನು ತಡೆಯುತ್ತದೆ. ಎರಡನೆಯದು ಅಲಂಕಾರವನ್ನು ತಮ್ಮಿಷ್ಟಕ್ಕೆ ನಿಷಿದ್ಧಗೊಳಿಸುವವರನ್ನು ಪ್ರಶ್ನಿಸುತ್ತದೆ.

ನನ್ನ ತಕರಾರು ಬೇರೆ. ಮನೆಯ ಅಂದವನ್ನು ನಾವು ಎಲ್ಲಿಂದ ಕಲಿಯುತ್ತಿದ್ದೇವೆ ಮತ್ತು ಯಾರ ಕಣ್ಣಿಗಾಗಿ ಕಲಿಯುತ್ತಿದ್ದೇವೆ?

ಅನ್ನಹ್ಲ್ ಅಧ್ಯಾಯದ 80ನೆಯ ಸೂಕ್ತವು ಮನೆಯನ್ನು ‘ಸಕನ್’ ಎಂದು ಕರೆಯುತ್ತದೆ, ಅಂದರೆ ಮನಸ್ಸು ನೆಮ್ಮದಿಯಿಂದ ನೆಲೆಸುವ ತಾಣ. ಶಾಂತಿ ಎಂಬರ್ಥದ ‘ಸಕೀನ’ ಪದವೂ ಅದೇ ಧಾತುವಿನದು. ಅದೇ ಸೂಕ್ತವು ಚರ್ಮದ ಗುಡಾರಗಳನ್ನೂ ಉಣ್ಣೆ, ತುಪ್ಪಳ, ಕೂದಲುಗಳಿಂದಾದ ಗೃಹೋಪಯೋಗಿ ಸಾಮಗ್ರಿಗಳನ್ನೂ ಅನುಗ್ರಹಗಳೆಂದು ನೆನಪಿಸುತ್ತದೆ. ಆ ಜನರ ಕಣ್ಣೆದುರಿಗೇ ಮೇಯುತ್ತಿದ್ದ ಕುರಿ, ಒಂಟೆ, ಆಡುಗಳಿಂದ ದೊರೆತ ವಸ್ತುಗಳಿವು. ಮನೆಯ ಸಾಮಗ್ರಿಯ ಮಾತು ಬಂದಾಗ ಕುರ್‌ಆನ್ ಅವರ ಗಮನವನ್ನು ದೂರದ ಅರಮನೆಗಳತ್ತ ಸೆಳೆಯದೆ ಕೈಗೆಟಕುವ ಅನುಗ್ರಹಗಳತ್ತ ಸೆಳೆದಿದೆ ಎಂಬುದು ನನ್ನ ಗ್ರಹಿಕೆ.

ಮೊಬೈಲಿನಲ್ಲಿ ಕಾಣುವ ಮನೆಯಲ್ಲಾದರೋ ಯಾರೂ ವಾಸಿಸುವಂತೆ ತೋರುವುದಿಲ್ಲ. ಬಾಗಿಲಲ್ಲಿ ಚಪ್ಪಲಿಗಳಿಲ್ಲ, ಮೂಲೆಯಲ್ಲಿ ಶಾಲೆಯ ಚೀಲವಿಲ್ಲ, ಅಜ್ಜಿಯ ಔಷಧಿಯ ಡಬ್ಬವಿಲ್ಲ. ಬೇರೆ ಹವಾಮಾನದ ಆ ಮನೆಯ ದಪ್ಪ ಕಾರ್ಪೆಟ್ಟನ್ನು ಕರಾವಳಿಗೆ ತಂದು ಹಾಸಿದರೆ ಜೂನ್ ತಿಂಗಳ ಮಳೆಗೇ ಅದು ಮುಗ್ಗಲು ವಾಸನೆ ಹಿಡಿಯುತ್ತದೆ. ನೆಲದಿಂದ ಚಾವಣಿಯವರೆಗಿನ ಗಾಜಿನ ಕಿಟಕಿ ಚಿತ್ರದಲ್ಲಿ ಸೊಗಸು. ನಮ್ಮ ಇಕ್ಕಟ್ಟಾದ ಬೀದಿಯಲ್ಲಿ ಅದಕ್ಕೆ ಹಗಲಿಡೀ ಪರದೆ ಎಳೆದಿರಬೇಕಾಗುತ್ತದೆ.

ಇವೆಲ್ಲ ಸಣ್ಣ ಕಿರಿಕಿರಿಗಳು. ನಿಜವಾದ ಹಾನಿ ಲೆಕ್ಕಪುಸ್ತಕದಲ್ಲಿದೆ. ಬಡ್ಡಿಯ ಸಾಲ ಬೇಡವೆಂದು ಹತ್ತು ವರ್ಷ ಬಾಡಿಗೆಮನೆಯಲ್ಲಿ ಕಾದು, ಆಭರಣ ಮಾರಿ ಮನೆ ಕಟ್ಟಿಸಿದ ಕುಟುಂಬವು ಕೊನೆಗೆ ಮಾಡ್ಯುಲರ್ ಕಿಚನ್ನಿಗಾಗಿ, ಹಾಲ್‌ನ ಫಾಲ್ಸ್ ಸೀಲಿಂಗ್‌ಗಾಗಿ ಬಡ್ಡಿಯ ಕಂತಿಗೆ ಸಹಿ ಹಾಕುತ್ತದೆ. ಗೋಡೆ ಹಲಾಲ್ ದುಡಿಮೆಯದು, ಅದರ ಮೇಲಿನ ಹೊದಿಕೆ ಬಡ್ಡಿಯದು! ಒಕ್ಕಲಿನ ದಿನ ಬಂದ ನೆಂಟರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆ ಫೋಟೊ ಇನ್ನೊಂದು ಮನೆಯಲ್ಲಿ ಇನ್ನೊಂದು ಸಾಲಕ್ಕೆ ಕಾರಣವಾಗುತ್ತದೆ.

ಪ್ರವಾದಿವರ್ಯರು(ಸ) ಗೃಹಾಲಂಕಾರದ ಕುರಿತು ಮೌನವಾಗಿರಲಿಲ್ಲ. ಗಂಡನಿಗೊಂದು, ಹೆಂಡತಿಗೊಂದು, ಅತಿಥಿಗೊಂದು ಹಾಸಿಗೆಯನ್ನು ಎಣಿಸಿ, ಅದಕ್ಕೂ ಮೀರಿದ ನಾಲ್ಕನೆಯದನ್ನು ಶೈತಾನನ ಪಾಲೆಂದು ಅವರು ಎಚ್ಚರಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಕ್ಕಳಿರುವ ಮನೆಯಲ್ಲಿ ಮೂರೇ ಹಾಸಿಗೆ ಇರಬೇಕೆಂದು ಇದರ ಅರ್ಥವಲ್ಲ. ಅಗತ್ಯವನ್ನು ಮೀರಿದ ಪ್ರದರ್ಶನಕ್ಕೆ ಇದು ತಡೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಆದರೆ ಆ ಲೆಕ್ಕದಲ್ಲಿ ಅತಿಥಿಗೆ ಸ್ಥಾನವಿದೆ ಎಂಬುದನ್ನು ನೋಡಿರಿ. ನಮ್ಮ ಹಾಲ್‌ಗಳಲ್ಲಿ ಗಾಜಿನ ಷೋಕೇಸಿಗೆ ಜಾಗವಿದೆ, ಊರಿನಿಂದ ಬಂದ ಚಿಕ್ಕಪ್ಪ ಕಾಲು ಚಾಚಿ ಮಲಗಲು ಜಾಗವಿಲ್ಲ.

ಆಯಿಶಾ(ರ)ರು ಮನೆಯಲ್ಲಿ ಚಿತ್ರಗಳಿದ್ದ ಪರದೆಯೊಂದನ್ನು ತೂಗುಹಾಕಿದ್ದರು. ಪ್ರವಾದಿವರ್ಯರಿಗೆ(ಸ) ಅದು ಹಿಡಿಸಲಿಲ್ಲ. ಕಲ್ಲು ಮಣ್ಣಿಗೆ ಬಟ್ಟೆ ಉಡಿಸಲು ನಮಗೆ ಆಜ್ಞೆಯಿಲ್ಲವೆಂಬ ಮಾತೂ ವರದಿಯಾಗಿದೆ. ಆಯಿಶಾ(ರ)ರು ಆ ಬಟ್ಟೆಯನ್ನು ಎಸೆಯಲಿಲ್ಲ. ಕತ್ತರಿಸಿ ಒರಗುದಿಂಬುಗಳನ್ನು ಮಾಡಿದರು. ಗೋಡೆಯ ಮೇಲಿದ್ದದ್ದು ಮನುಷ್ಯರು ಒರಗುವ ವಸ್ತುವಾಯಿತು. ಮನೆ ಸಿಂಗರಿಸುವ ಹೆಣ್ಣುಮಕ್ಕಳಿಗೆ ಈ ಒಂದು ಘಟನೆಯಲ್ಲಿ ನೂರು ವೀಡಿಯೊಗಳಿಗಿಂತ ಹೆಚ್ಚಿನ ಪಾಠವಿದೆ ಎಂದು ನಾನು ನಂಬಿದ್ದೇನೆ.

ಇನ್ನು ಗೋಡೆಯ ಮೇಲಿನ ಆಯತ್‌ಗಳ ವಿಚಾರ. ಆನ್‌ಲೈನ್‌ನಲ್ಲಿ ಅಕ್ರಿಲಿಕ್‌ನ ಅಂಟು ಅಕ್ಷರಗಳು ಧಾರಾಳವಾಗಿ ಸಿಗುತ್ತವೆ. ಆಯತುಲ್ ಕುರ್ಸಿಯ ಬಂಗಾರದ ಬಣ್ಣದ ಅಕ್ಷರಗಳು ಟಿ.ವಿ.ಯ ಮೇಲ್ಭಾಗದಲ್ಲಿ ಹೊಳೆಯುತ್ತಿರುತ್ತವೆ. ಕೆಳಗೆ ಧಾರಾವಾಹಿ ನಡೆಯುತ್ತಿರುತ್ತದೆ. ಅರಬಿ ಓದು ಕಲಿಸುವುದೇ ಕಾಯಕವಾದ್ದರಿಂದ ಯಾರ ಮನೆಗೆ ಹೋದರೂ ಕಣ್ಣು ಮೊದಲು ಆ ಅಕ್ಷರಗಳನ್ನು ಕೂಡಿಸಿ ಓದುತ್ತದೆ. ಅಂಟು ಒಣಗಿದಾಗ ಮೊದಲು ಉದುರುವುದು ಚುಕ್ಕೆಗಳು. ‘ಸೃಷ್ಟಿಸಿದನು’ ಎಂಬರ್ಥದ ‘ಖಲಕ’ದಲ್ಲಿ ಖಾ ಅಕ್ಷರದ ಚುಕ್ಕೆ ಬಿದ್ದರೆ ಉಳಿಯುವುದು ‘ಹಲಕ’, ಅಂದರೆ ‘ಕೂದಲು ಬೋಳಿಸಿದನು’. ಮನೆಮಂದಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಅದನ್ನು ಯಾರೂ ಓದುತ್ತಿಲ್ಲ. ಅಲ್ ಬಕರ ಅಧ್ಯಾಯವನ್ನು ಪಾರಾಯಣ ಮಾಡುವ ಮನೆಯಿಂದ ಶೈತಾನನು ದೂರವಾಗುತ್ತಾನೆಂದು ಹದೀಸ್‌ನಲ್ಲಿದೆಯೇ ಹೊರತು ಅದನ್ನು ತೂಗುಹಾಕಿದ ಮನೆಯಿಂದ ಎಂದಲ್ಲ. ಅಕ್ಷರಕಲೆಯ ಮೇಲೆ ಪ್ರೀತಿಯಿದ್ದರೆ ಕೈಬರಹ ಬಲ್ಲವರಿಂದ ಬರೆಸಿ, ಬಲ್ಲವರಿಗೆ ತೋರಿಸಿ, ಮಕ್ಕಳು ಕುಳಿತು ಓದುವ ಜಾಗದಲ್ಲಿಡಿ.

ಆ ಪ್ರೀತಿಯನ್ನು ಕಲಿಯಲು ಇಸ್ತಾಂಬುಲ್‌ನ ವೀಡಿಯೊಗಳನ್ನೇ ಹುಡುಕಬೇಕಾಗಿಲ್ಲ. ವಿಜಯಪುರದ ಇಬ್ರಾಹಿಂ ರೋಜಾದ ಕಲ್ಲಿನ ಕಿಟಕಿಗಳನ್ನು ನೋಡಿ: ಅರಬಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದಿದ್ದಾರೆ, ಬೆಳಕು ಅಕ್ಷರಗಳ ನಡುವಿನಿಂದ ಒಳಬರುತ್ತದೆ. ಗಾಳಿ ಬೆಳಕು ಬೇಕು, ಒಳಗಿನವರ ಮರೆಯೂ ಬೇಕು ಎಂಬ ನಮ್ಮ ಮನೆಗಳ ಸಮಸ್ಯೆಗೆ ಜಾಲಂಧ್ರಕ್ಕಿಂತ ಒಳ್ಳೆಯ ಉತ್ತರ ಇನ್ನೂ ಸಿಕ್ಕಿಲ್ಲ. ಬೀದರ್‌ನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದ್ರಸದ ಗೋಡೆಯಲ್ಲಿ ಬಣ್ಣದ ಮೆರುಗುಹೆಂಚುಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಬಿದ್ರಿ ಕೆಲಸವೂ ಅದೇ ಊರಿನದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗಳ ಜಾಲತಾಣಗಳಲ್ಲಿ ಹಳೆಯ ಬಿದ್ರಿ ಪಾತ್ರೆಗಳ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮೊಬೈಲನ್ನು ಇದಕ್ಕೂ ಬಳಸಬಹುದಲ್ಲ! ಆ ಹೂಬಳ್ಳಿಗಳ ವಿನ್ಯಾಸವನ್ನು ನಿಮ್ಮೂರಿನ ಬಡಗಿಗೆ ತೋರಿಸಿ. ಚಿತ್ರಕಾರನೊಬ್ಬನಿಗೆ ಇಬ್ನು ಅಬ್ಬಾಸ್(ರ) ನೀಡಿದ ಸಲಹೆಯೂ ಮರಗಿಡಗಳನ್ನು, ನಿರ್ಜೀವ ವಸ್ತುಗಳನ್ನು ಬಿಡಿಸುವಂತೆ ಎಂದಾಗಿತ್ತು.

ಒಂದೇ ಒಂದು ವಸ್ತುವನ್ನು ಕೊಳ್ಳಲು ಸಾಧ್ಯವಿರುವವರಿಗೆ ನಾನು ಹೇಳುವುದು ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನವನ್ನು. ಅದು ಹತ್ತಿಯದು, ಒಗೆಯಬಹುದು, ಬಿಸಿಲಿಗೆ ಹಾಕಬಹುದು, ಮಡಚಿ ಎತ್ತಿಡಬಹುದು. ಹತ್ತು ಮಂದಿ ನೆಂಟರು ಬಂದರೆ ಊಟಕ್ಕೂ ನಿದ್ದೆಗೂ ಅದೇ ಸಾಕು. ಅದನ್ನು ಲಂಬವಾಗಿ ನಿಲ್ಲಿಸಿದ ಮಗ್ಗದಲ್ಲಿ ನೇಯುವವರು ನಮ್ಮದೇ ಸಮುದಾಯದ ಮಹಿಳೆಯರು. ಆದಿಲ್‌ಶಾಹಿಯ ಕಾಲದಲ್ಲಿ ವಿಜಯಪುರದಿಂದ ಬಂದ ಕುಟುಂಬಗಳ ಕಸುಬಿದು ಎಂಬುದು ಅಲ್ಲಿನ ಪರಂಪರಾಗತ ನಂಬಿಕೆ. ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ, ಆದರೆ ನೇಯುವ ಕೈಗಳು ತೀರಾ ಕಡಿಮೆಯಾಗಿವೆ. ದಿನಗಟ್ಟಲೆ ಕುಳಿತು ನೇಯ್ದದ್ದಕ್ಕೆ ಯಂತ್ರದ ಹಾಸಿನ ಬೆಲೆಯನ್ನೇ ಕೊಡುತ್ತೇವೆಂದರೆ ಮುಂದಿನ ಪೀಳಿಗೆ ಆ ಮಗ್ಗದ ಮುಂದೆ ಏಕೆ ಕುಳಿತುಕೊಳ್ಳಬೇಕು? ಅವರು ನಮಾಝಿನ ಹಾಸುಗಳನ್ನೂ ನೇಯುತ್ತಾರೆ. ನಾವು ಮಾತ್ರ ಕಾರ್ಖಾನೆಯಲ್ಲಿ ತಯಾರಾದ ಮುಸಲ್ಲಾವನ್ನು ಆನ್‌ಲೈನ್‌ನಲ್ಲಿ ತರಿಸಿ ಅದರ ಮೇಲೆ ನಿಂತು ಸಮುದಾಯದ ಬಡತನ ನೀಗಲೆಂದು ದುಆ ಮಾಡುತ್ತೇವೆ.

ಮಸೀದಿ ಸಮಿತಿಗಳೂ ಈ ಬಗ್ಗೆ ಯೋಚಿಸಬೇಕು. ಹಾಸು ಬದಲಾಯಿಸುವ ನೆನಪು ನಮಗೆ ಬರುವುದು ರಮಝಾನ್ ಹತ್ತಿರವಾದಾಗ, ಅಂದರೆ ಕೈಮಗ್ಗಕ್ಕೆ ಸಮಯವೇ ಉಳಿಯದಿದ್ದಾಗ. ಬಕ್ರೀದ್ ಮುಗಿದ ಕೂಡಲೇ ಅಳತೆ ತೆಗೆದು, ಒಂದಷ್ಟು ಮುಂಗಡದೊಂದಿಗೆ ಬೇಡಿಕೆ ಸಲ್ಲಿಸಿದರೆ ಎಂಟು ತಿಂಗಳ ಅವಕಾಶವಿರುತ್ತದೆ. ಒಳಪಳ್ಳಿಗೆ ಪೂರ್ತಿ ಆಗದಿದ್ದರೆ ಮೊದಲ ಸಾಲಿಗಾದರೂ ಆಗಲಿ.