ಅರಿಯದವರ ಪುಣ್ಯ

ಕರೋನಾ ವ್ಯಾಧಿಯ ಎರಡನೆಯ ಅಲೆ ಊರೂರಿನ ಉಸಿರು ಕಟ್ಟಿಸುತ್ತಿದ್ದ 2021ರ ಏಪ್ರಿಲ್ ತಿಂಗಳಿನಲ್ಲಿ, ಕೃಷ್ಣೆಯ ಈಚೆ ದಡದ ತೆಲಂಗಾಣದಲ್ಲಿದ್ದೂ ಕನ್ನಡ ವಾಹಿನಿಗಳನ್ನು ಬಿಡದ ಮಕ್ತಲ್, ನಾರಾಯಣಪೇಟೆಗಳ ನಮ್ಮವರ ಮನೆಗಳಲ್ಲಿ, ಹೊರಲೋಕದ ಸುದ್ದಿ ಸೋಕದಂತೆ ಸ್ಪರ್ಧಿಗಳನ್ನು ಕೂಡಿಟ್ಟ ಬಿಡದಿಯ ಬಿಗ್ ಬಾಸ್ ಮನೆಯ ನಗು-ಜಗಳಗಳನ್ನು ಕಂಡು, "ಏನೂ ಗೊತ್ತಿಲ್ದಂಗ ಒಳಗ ಕುಂತವ್ರೇ ಪುಣ್ಯವಂತ್ರು ನೋಡ್ರಿ" ಎಂಬ ಉದ್ಗಾರ ಕೇಳಿಬರುತ್ತಿತ್ತು. ಸಂಕಟದಲ್ಲಿ ಬಾಯಿಗೆ ಬಂದ ಮಾತು, ಕ್ಷಮ್ಯ. ಆದರೆ ಅದನ್ನೇ ಸಿದ್ಧಾಂತವೆಂದು ಹಿಡಿದು ಕೂರುವವರನ್ನು ನಾನು ಒಪ್ಪಲಾರೆ. ತಾನಾಗಿ ಒದಗಿದ ಅಜ್ಞಾನ ದೈವಯೋಗ. ಬಲ್ಲವರು ಬೇಕೆಂದೇ ಬೇಲಿ ಕಟ್ಟಿ ಕಾಯ್ದ ಅಜ್ಞಾನ ಅಪಹಾರ.

ಸ್ಪರ್ಧಿಗಳು ಒಳಹೊಕ್ಕದ್ದು ಫೆಬ್ರವರಿ 28ರಂದು. ಕರೋನಾ ಎಂಬ ಹೆಸರು ಅವರಿಗೆ ಹೊಸದಲ್ಲ. ಆದರೆ ಅವರು ಬಿಟ್ಟುಬಂದ ಲೋಕದಲ್ಲಿ ಅದು ಇಳಿಮುಖವಾಗಿತ್ತು. ಏಪ್ರಿಲ್ 27ರ ರಾತ್ರಿ ಕರ್ನಾಟಕ ಬಾಗಿಲು ಮುಚ್ಚಿದ ಮೇಲೆಯೂ ಆಟ ನಡೆದು, ಮೇ ತಿಂಗಳಿನಲ್ಲಿ ನಿಂತಾಗಲಷ್ಟೇ ಒಳಗಿನವರಿಗೆ ಹೊರಗಿನ ಘೋರ ಸ್ಥಿತಿ ತಿಳಿಯಿತು.

ಸ್ಪರ್ಧಿಗಳು ಸ್ವೇಚ್ಛೆಯಿಂದ ಸಹಿ ಮಾಡಿದವರೆಂಬ ವಾದವನ್ನು ನಾನು ಗೌರವಿಸುತ್ತೇನೆ. ಸಮ್ಮತಿಗೆ ಬೆಲೆಯಿಲ್ಲವೆಂದರೆ ವ್ಯಕ್ತಿಗೇ ಬೆಲೆಯಿಲ್ಲವೆಂದಂತೆ. ಆದರೆ ಆ ಸಮ್ಮತಿ ಕೊಟ್ಟದ್ದು ಅಂದು ಕಂಡಿದ್ದ ಲೋಕವನ್ನು ಕುರಿತು. ಲೋಕವೇ ಮಗುಚಿಬಿದ್ದ ಮೇಲೆ ಅದನ್ನು ಮತ್ತೊಮ್ಮೆ ಕೇಳಿ ಪಡೆಯುವುದು ನ್ಯಾಯ. ಇದೆಲ್ಲ ಬರಿಯ ಮನರಂಜನೆ ಎನ್ನುವವರಿಗೆ, ಒಳಗಿದ್ದವರಿಗೂ ತಾಯ್ತಂದೆಯರಿದ್ದರೆಂದಷ್ಟೇ ಹೇಳಿದರೆ ಸಾಕು.

'ತಿಳಿದು ಮಾಡುವುದಾದರೂ ಏನಿತ್ತು?' ಎಂಬ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಉತ್ತರಕ್ಕೆ ಬಿಡದಿಯವರೆಗೆ ಹೋಗಬೇಕಾಗಿಲ್ಲ. ನಮ್ಮ ಗದ್ವಾಲ ಜಿಲ್ಲೆಯ ಪುಲ್ಲೂರು ಸಾಕು. 2021ರ ಮೇ 14ರಂದು, ಆಂಧ್ರದ ಕರ್ನೂಲಿನ ಕಡೆಯಿಂದ ಹೈದರಾಬಾದಿಗೆ ರೋಗಿಗಳನ್ನು ಹೊತ್ತು ತರುತ್ತಿದ್ದ ಆಂಬುಲೆನ್ಸುಗಳನ್ನು ತೆಲಂಗಾಣದ ಪೊಲೀಸರು ಆ ಗಡಿನಾಕೆಯಲ್ಲಿ ತಡೆದರು. ಆಸ್ಪತ್ರೆಯಲ್ಲಿ ಹಾಸಿಗೆ ನಿಶ್ಚಯವಾಗಿರಬೇಕು, ಮೊದಲೇ ಅನುಮತಿ ಪಡೆದಿರಬೇಕು ಎಂಬುದು ಆಗಷ್ಟೇ ಹೊರಟಿದ್ದ ನಿಯಮ. ಆಕ್ಸಿಜನ್ ಸಿಲಿಂಡರಿನ ಮುಳ್ಳು ಇಳಿಯುತ್ತಿರುವಾಗ, ರಸ್ತೆಯ ಬದಿಯಲ್ಲಿ ನಿಂತು, ಯಾರಿಗೆ ಫೋನು ಮಾಡಬೇಕು, ಯಾವ ಕಾಗದ ತರಬೇಕು ಎಂದು ಬಂಧುಗಳು ಹಂಬಲಿಸುವ ಆ ಗಳಿಗೆಯಲ್ಲಿ, ಒಂದು ದಿನ ಮೊದಲು ತಿಳಿದಿದ್ದ ಒಂದು ಸುದ್ದಿ ಔಷಧಕ್ಕೆ ಸಮ. ಹೈಕೋರ್ಟು ಅದೇ ದಿನ ಆ ಆದೇಶಕ್ಕೆ ತಡೆಯಾಜ್ಞೆಯಿತ್ತಿತು. ಆ ತಡೆಯಾಜ್ಞೆಯೂ ಸುದ್ದಿಯೇ, ತಿಳಿದವನಿಗಷ್ಟೇ ಉಪಯೋಗಕ್ಕೆ ಬರುವಂಥದು. ಮನೆಯಲ್ಲೊಬ್ಬರು ಮಲಗಿರುವಾಗ ಕಾಗದಕ್ಕಾಗಿ ಅಲೆಯುವ, ಅದೂ ಕೈಗೂಡದಿದ್ದರೆ ಕಡೆಯ ದರ್ಶನಕ್ಕಾದರೂ ಓಡುವ ಅಧಿಕಾರವನ್ನು ಯಾವ ಪ್ರದರ್ಶನದ ಕೌತುಕಕ್ಕಾಗಿ ಒತ್ತೆಯಿಡಬೇಕು?

ತಿಳಿಸುವ ರೀತಿಯಲ್ಲಿಯೂ ಅಧಮವಾದುದುಂಟು. ಜರ್ಮನಿಯಲ್ಲಿ ಇದೇ ಬಗೆಯ ಆಟವಾದ 'ಬಿಗ್ ಬ್ರದರ್' ಮನೆಗೆ 2020ರ ಫೆಬ್ರವರಿಯಲ್ಲಿ ಹೊಕ್ಕವರಿಗೆ ಮಹಾಮಾರಿಯ ವೃತ್ತಾಂತವನ್ನು ಅರುಹಿದ್ದು ಮಾರ್ಚ್ 17ರಂದು, ನೇರಪ್ರಸಾರದಲ್ಲಿ! ಅವರ ಕಣ್ಣೀರೂ ಕಾರ್ಯಕ್ರಮದ ಸರಕಾಯಿತು.

ನಮ್ಮ ಸ್ಪರ್ಧಿಗಳಾದರೋ ಹೊರಬಂದು, ಎಲ್ಲವನ್ನೂ ಕಣ್ಣಾರೆ ಕಂಡು, ಜೂನ್ 23ರಂದು ಆಟ ಮರಳಿ ತೊಡಗಿದಾಗ ತಿಳಿದೇ ಒಳಹೋದರು. ಆ ಎರಡನೆಯ ಪ್ರವೇಶದ ಬಗ್ಗೆ ನನ್ನ ತಕರಾರಿಲ್ಲ. ಕರಾರುಪತ್ರ ಬರೆಯುವವರು ಇನ್ನು ಮುಂದಾದರೂ ಒಂದು ಷರತ್ತು ಸೇರಿಸಲಿ: ನಾಡಿಗೆ ವಿಪತ್ತೆರಗಿದಾಗ ಕ್ಯಾಮೆರಾ ಆರಿಸಿ, ಸ್ಪರ್ಧಿಯನ್ನು ಮನೆಯವರೊಡನೆ ಮಾತನಾಡಿಸಿ, ಆಮೇಲೆ ಇರುವಿರೋ ಹೋಗುವಿರೋ ಎಂದು ಕೇಳತಕ್ಕದ್ದು.