ಗಂಟುನೋವಿನವರಿಗೆ ಒಣಕೆಮ್ಮು ಬಂದರೆ

ಬೆಳಗ್ಗೆ ಎದ್ದಾಗ ಬೆರಳುಗಳ ಗಂಟು ಊದಿ, ಬಿಗಿತ ಬಿಡಲು ಗಂಟೆ ಹಿಡಿಯುವವರು ನಿಮ್ಮ ಮನೆಯಲ್ಲಿದ್ದಾರೆಯೇ? ಹಾಗಿದ್ದರೆ ಈ ಮಾತು ನಿಮಗೆ. ರುಮಟಾಯ್ಡ್ ಸಂಧಿವಾತ ಗಂಟುಗಳಿಗಷ್ಟೇ ಸೀಮಿತವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಯಿದು. ಸುಮಾರು ಹತ್ತರಲ್ಲಿ ಒಬ್ಬ ರೋಗಿಯ ಶ್ವಾಸಕೋಶದಲ್ಲಿ ಗಾಳಿಚೀಲಗಳ ನಡುವಿನ ಅಂಗಾಂಶ ದಪ್ಪವಾಗಿ, ಕ್ರಮೇಣ ಕಲೆಗಟ್ಟುತ್ತದೆ. ವೈದ್ಯರು ಇದನ್ನು ಐಎಲ್‌ಡಿ ಎನ್ನುತ್ತಾರೆ. ಕಲೆಗಟ್ಟಿದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದಲೇ ಬೇಗ ಗುರುತಿಸಬೇಕು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಗಂಟುನೋವಿಗೆಂದು ನನ್ನಲ್ಲಿಗೆ ಬರುತ್ತಿದ್ದ ತಾಯಿಯೊಬ್ಬರು ಒಮ್ಮೆ ಒಣಕೆಮ್ಮು ಎಂದರು. ಜೋಶಾಂದ ಕೊಟ್ಟು ಕಳಿಸಿದೆ. ಮುಂದಿನ ತಿಂಗಳೂ ಅದೇ ಮಾತು, ಅದೇ ಮದ್ದು. ಮೂರನೆಯ ಸಲ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟೆ. ಉಸಿರೆಳೆದಾಗ ಎರಡೂ ಶ್ವಾಸಕೋಶಗಳ ಕೆಳಭಾಗದಲ್ಲಿ ವೆಲ್ಕ್ರೋ ಪಟ್ಟಿ ಬಿಡಿಸಿದಂಥ ಚರಚರ ಸದ್ದು. ಸ್ಕ್ಯಾನ್‌ನಲ್ಲಿ ಕಲೆ ಕಾಣಿಸಿತು. ಮೊದಲ ದಿನವೇ ಪರೀಕ್ಷಿಸಿದ್ದರೆ ಆ ಎರಡು ತಿಂಗಳು ವ್ಯರ್ಥವಾಗುತ್ತಿರಲಿಲ್ಲ.

ಈ ರೋಗವನ್ನು ಮರೆಮಾಡುವುದು ಗಂಟುನೋವೇ. ನೋವಿಗೆ ಹೆದರಿ ಮೆಟ್ಟಿಲು ಹತ್ತುವುದನ್ನೇ ಬಿಟ್ಟವರಿಗೆ ಏದುಸಿರು ಬರುವ ಸಂದರ್ಭವೇ ಕಡಿಮೆ. ಬಂದರೂ ಮನೆಯವರು ‘ವಯಸ್ಸಾಯಿತಲ್ಲ’ ಎಂದುಬಿಡುತ್ತಾರೆ. ಎದೆಯ ಎಕ್ಸ್‌ರೇ ಸರಿಯಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಆರಂಭದ ಹಂತ ಅದರಲ್ಲಿ ಕಾಣದೇ ಹೋಗಬಹುದು. ಬೇಕಾದದ್ದು ಎಚ್‌ಆರ್‌ಸಿಟಿ ಎಂಬ ಸೂಕ್ಷ್ಮ ಸ್ಕ್ಯಾನ್ ಮತ್ತು ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪಿಎಫ್‌ಟಿ ಪರೀಕ್ಷೆ. ಅಪಾಯ ಹೆಚ್ಚಿರುವವರಿಗೆ ಇವೆರಡನ್ನೂ ಮಾಡಿಸುವಂತೆ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2023ರಲ್ಲಿ ಸಲಹೆ ನೀಡಿದೆ.

ಯಾರಿಗೆ ಅಪಾಯ ಹೆಚ್ಚು? ಗಂಡಸರಿಗೆ, ಇಳಿವಯಸ್ಸಿನಲ್ಲಿ ಕಾಯಿಲೆ ಶುರುವಾದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಮತ್ತು ಸೇದಿ ಬಿಟ್ಟವರಿಗೆ, ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಅಥವಾ ಆ್ಯಂಟಿ ಸಿಸಿಪಿ ಹೆಚ್ಚಿರುವವರಿಗೆ, ಗಂಟಿನ ಊತ ಹತೋಟಿಗೆ ಬಾರದವರಿಗೆ. ಇವರು ಕೆಮ್ಮು ಬರಲಿ ಎಂದು ಕಾಯಬಾರದು. ಪರೀಕ್ಷೆಗೆ ಖರ್ಚಿದೆ, ನಿಜ. ತಡವಾದರೆ ತೆರಬೇಕಾದ ಬೆಲೆ ಅದಕ್ಕಿಂತ ದೊಡ್ಡದು.

ಸೂರಂಜಾನ್ ಕೊಡುವ ನಾವಿರಲಿ, ಮೆಥೋಟ್ರೆಕ್ಸೇಟ್ ಬರೆಯುವ ವೈದ್ಯರಿರಲಿ, ಪ್ರತಿ ಭೇಟಿಯಲ್ಲೂ ರೋಗಿಯ ಉಸಿರಿನ ಬಗ್ಗೆ ಕೇಳಲೇಬೇಕು, ಬೆನ್ನಿಗೆ ಸ್ಟೆತಸ್ಕೋಪ್ ಇಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಅನುಮಾನ ಬಂದರೆ ಶ್ವಾಸಕೋಶ ತಜ್ಞರಲ್ಲಿಗೆ ಕಳಿಸಲು ಯುನಾನಿ ವೈದ್ಯರು ಸಂಕೋಚಪಡಬಾರದು. ನೀವೂ ಅಷ್ಟೇ, ಕೆಮ್ಮು ಬಂತೆಂದು ನಡೆಯುತ್ತಿರುವ ಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ. ಅಪರೂಪಕ್ಕೆ ಮೆಥೋಟ್ರೆಕ್ಸೇಟ್‌ನಿಂದಲೂ ಶ್ವಾಸಕೋಶಕ್ಕೆ ತೊಂದರೆಯಾಗುವುದುಂಟು. ಕೆಮ್ಮು, ಜ್ವರ, ಏದುಸಿರು ಹಠಾತ್ತನೆ ಬಂದರೆ ಅದೇ ದಿನ ವೈದ್ಯರನ್ನು ಕಾಣಿ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯೂ ಆಗಲಿ.

ಇಂದು ಸಂಜೆ ನಿಮ್ಮ ತಾಯಿಯ ಜೊತೆ ಸ್ವಲ್ಪ ದೂರ ನಡೆಯಿರಿ. ಕಳೆದ ವರ್ಷ ಮಾತಾಡುತ್ತಲೇ ಹೋಗುತ್ತಿದ್ದ ದಾರಿಯಲ್ಲಿ ಈಗ ನಡುವೆ ನಿಂತರೆ, ‘ಕಾಲು ನೋವೋ, ಉಸಿರು ಸಾಲುತ್ತಿಲ್ಲವೋ?’ ಎಂದು ಕೇಳಿ.