ಲೈನಿನ ಸಂಸಾರ

ವೈಶಾಖದ ಬಿಸಿಲು ನಾಗಪುರದ ನೆತ್ತಿಯ ಮೇಲೆ ನಿಂತು, ಕಿಟಕಿಗಳಿಗೆ ಕಟ್ಟಿದ ಕೂಲರುಗಳ ಗುರುಗುಟ್ಟುವಿಕೆಯೊಂದೇ ಊರಿಗೆ ಪ್ರಾಣಾಧಾರವಾಗಿರುವ ಮಧ್ಯಾಹ್ನಗಳಲ್ಲಿ, ಆ ಸದ್ದು ತಟಕ್ಕನೆ ಅಡಗಿತೆಂದರೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಯಿಂದಲೂ ಹೊರಡುವ ಉದ್ಗಾರ ಒಂದೇ: ‘ಲಾಯಿನ್ ಗೇಲೀ!’ ವಿದ್ಯುತ್ತು ಹೋಯಿತೆಂಬುದನ್ನು ವಿದರ್ಭದ ಮರಾಠಿ ಹೇಳುವ ರೀತಿ ಇದು. ಕರ್ನಾಟಕದಿಂದ ಹೊಸದಾಗಿ ಬಂದವರ ಕಿವಿಗೆ ಯಾರೋ ಯಾರನ್ನೋ ಗೇಲಿ ಮಾಡಿದಂತೆ ಇದು ಕೇಳಿಸುವುದುಂಟು. 45 ಡಿಗ್ರಿಯ ಸೆಕೆಯಲ್ಲಿ ಪಂಖ ನಿಂತಾಗ ಆ ಅರ್ಥವೂ ತೀರ ಅಸಂಗತವೇನಲ್ಲ. ನಮ್ಮ ಕಡೆ ಇದೇ ಸಂದರ್ಭದಲ್ಲಿ ‘ಕರೆಂಟು ಹೋಯಿತು’ ಎನ್ನುವೆವು. ಕರೆಂಟೂ ಇಂಗ್ಲಿಷಿನದೇ, ಲೈನೂ ಇಂಗ್ಲಿಷಿನದೇ. ಆದರೆ ಮರಾಠಿಯು ಲೈನನ್ನು ಹೆಣ್ಣಾಗಿ ಬರಮಾಡಿಕೊಂಡು ‘ಗೇಲೀ’ ಎಂದರೆ, ಕನ್ನಡವು ಅದರ ಕೊನೆಗೊಂದು ಉಕಾರವನ್ನು ಅಂಟಿಸಿ, ನಪುಂಸಕಲಿಂಗದಲ್ಲಿ ಕೂರಿಸಿ, ಲೈನು, ಲೈನಿಗೆ, ಲೈನಿನಲ್ಲಿ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ತೊಡಿಸಿಬಿಟ್ಟಿದೆ. ಇಷ್ಟು ಸಂಸ್ಕಾರಗಳಾದ ಮೇಲೂ ಈ ಶಬ್ದವನ್ನು ಪರಕೀಯವೆಂದು ಬಾಗಿಲಾಚೆ ನಿಲ್ಲಿಸುವವರ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಹುಟ್ಟನ್ನೇ ಕೇಳುವುದಾದರೆ ಇಂಗ್ಲಿಷಿಗೂ ಇದು ಮನೆಮಗಳಲ್ಲ. ಲ್ಯಾಟಿನ್ ಭಾಷೆಯಲ್ಲಿ ಅಗಸೆಯ ಗಿಡಕ್ಕಿದ್ದ ಹೆಸರಿನಿಂದ ಅಗಸೆನಾರಿನ ದಾರದ ಹೆಸರೂ, ಆ ದಾರವನ್ನು ಬಿಗಿದು ಹಿಡಿದರೆ ಮೂಡುವ ನೇರವಾದ ಗೆರೆಯ ಹೆಸರೂ ಹುಟ್ಟಿ, ಫ್ರೆಂಚರ ಬಾಯಿ ಹಾಯ್ದು ಅದು ಇಂಗ್ಲೆಂಡಿಗೆ ಹೋಯಿತು. ಆ ಅಗಸೆಯೋ, ವಿದರ್ಭದ ಕರಿನೆಲಕ್ಕೆ ಅಪರಿಚಿತವಾದ ಸಸ್ಯವಲ್ಲ. ಇಲ್ಲಿಯವರು ಅದನ್ನು ಜವಸವೆಂದು ಕರೆದು, ಹುರಿದು, ಮೆಣಸಿನಕಾಯಿ ಬೆಳ್ಳುಳ್ಳಿಗಳೊಡನೆ ಕುಟ್ಟಿ ಚಟ್ನಿ ಮಾಡಿಕೊಳ್ಳುತ್ತಾರೆ. ವಿಜಯಪುರದ ಕಡೆಯ ನಮ್ಮ ತಾಯಂದಿರು ಅದನ್ನೇ ಅಗಸಿ ಹಿಂಡಿ ಎಂದು ರೊಟ್ಟಿಯ ಪಕ್ಕಕ್ಕೆ ಬಡಿಸುತ್ತಾರೆ. ಸಂಸ್ಕೃತದ ‘ಅತಸೀ’ ನಮ್ಮಲ್ಲಿ ತದ್ಭವವಾಗಿ ‘ಅಗಸೆ’ಯಾದಾಗ ಯಾವ ಪಂಡಿತನೂ ಕಣ್ಣೀರಿಟ್ಟಂತೆ ಕಾಣದು. ಇಂದು ಇಟ್ಟಿಗೆಯ ವರಸೆ ಡೊಂಕಾಗದಿರಲೆಂದು ಗೋಡೆಯ ಎರಡು ತುದಿಗಳಲ್ಲಿ ಮೊಳೆ ಹೊಡೆದು ನಮ್ಮ ಗಾರೆಕೆಲಸದವರು ಬಿಗಿಯುವ ನೂಲಿಗೆ ‘ಲೈನ್‌ದಾರ’ವೆಂಬ ಹೆಸರುಂಟು. ದಾರವೆಂಬ ಅರ್ಥದಿಂದ ಹೊರಟ ಶಬ್ದಕ್ಕೆ ದಾರವನ್ನೇ ಮತ್ತೆ ಗಂಟುಹಾಕಿದ ಈ ಸಮಾಸವನ್ನು ವೈಯಾಕರಣನು ಪುನರುಕ್ತಿದೋಷವೆಂದು ತಳ್ಳಿಹಾಕಬಹುದು. ಗೋಡೆ ಮಾತ್ರ ನೆಟ್ಟಗೆ ಏಳುತ್ತದೆ.

ನಾಗಪುರದಲ್ಲಿ ಈ ಶಬ್ದಕ್ಕೆ ಸಿಕ್ಕಿರುವಷ್ಟು ರಾಜಮರ್ಯಾದೆ ಬೇರೆ ಕೆಲವೇ ಊರುಗಳಲ್ಲಿ ಸಿಕ್ಕಿರಬಹುದು. 1817ರ ಸೀತಾಬರ್ಡಿಯ ಕಾಳಗದಲ್ಲಿ ಇಲ್ಲಿಯ ಭೋಸಲೆ ಅರಸರ ಬಲ ಮುರಿದು, ಮುಂದೆ ಅವರ ರಾಜ್ಯವೇ ಈಸ್ಟ್ ಇಂಡಿಯಾ ಕಂಪನಿಯ ಕೈವಶವಾಗಿ, 1861ರಲ್ಲಿ ಮಧ್ಯಪ್ರಾಂತವೆಂಬ ಹೊಸ ಪ್ರಾಂತಕ್ಕೆ ಈ ನಗರ ರಾಜಧಾನಿಯಾದಾಗ, ದಂಡಿನ ಸಿಪಾಯಿಗಳ ಗುಡಿಸಲುಗಳ ಸಾಲಿಗಿದ್ದ ‘ಲೈನ್ಸ್’ ಎಂಬ ಹೆಸರು ದಂಡಿಗೆ ಸೇರದ ಅಧಿಕಾರಿಗಳ ವಸತಿಗೂ ಹಬ್ಬಿ ಸಿವಿಲ್ ಲೈನ್ಸ್ ಎಂಬುದು ನೆಲೆಗೊಂಡಿತು. ಸಾಲೆಂಬುದು ಅಲ್ಲಿ ಹೆಸರಿಗಷ್ಟೇ. ಒಂದು ಬಂಗಲೆಗೂ ಇನ್ನೊಂದಕ್ಕೂ ನಡುವೆ ಒಂದು ಹಳ್ಳಿಯೇ ಹಿಡಿಸುವಷ್ಟು ತೋಟ, ತೋಟದಲ್ಲಿ ಬೇವು, ಹುಣಿಸೆ, ಗುಲ್‌ಮೊಹರ್. ವಿಧಾನಭವನ, ಉಚ್ಚ ನ್ಯಾಯಾಲಯ, ದೇಶದ ಗಣಿಗಳ ಲೆಕ್ಕವಿಡುವ ಗಣಿ ಬ್ಯೂರೋ ಎಲ್ಲವೂ ಇಂದಿಗೂ ಆ ಭಾಗದಲ್ಲೇ ಇವೆ. ಅಂಥ ಕಚೇರಿಗಳಿಗೆ ವರ್ಗವಾಗಿ ಬಂದ ಕನ್ನಡಿಗನು ಊರಿಗೆ ಫೋನು ಮಾಡಿ ‘ಸಿವಿಲ್ ಲೈನ್ಸಿನಲ್ಲಿ ಕ್ವಾರ್ಟರ್ಸು ಸಿಕ್ಕಿತು’ ಎಂದರೆ ಆ ಮಾತಿನಲ್ಲಿ ಕಿಂಚಿತ್ತು ಠೀವಿ ಇರುತ್ತದೆ.

ಅದೇ ಮಾತನ್ನು ಕೊಡಗಿನಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ಆಡಿದರೆ ಚಿತ್ರವೇ ಬದಲಾಗುತ್ತದೆ. ಅಲ್ಲಿಯ ಕಾಫಿ ತೋಟಗಳಲ್ಲಿ ಆಳುಗಳಿಗಾಗಿ ಕಟ್ಟಿಸಿದ ಉದ್ದನೆಯ ಸಾಲುಮನೆಗೆ ‘ಲೈನ್‌ಮನೆ’ ಎಂದು ಹೆಸರು: ಒಂದೇ ಹೆಂಚಿನ ಮಾಡು, ಒಂದೇ ಜಗಲಿ, ನಡುವೆ ಅಡ್ಡಗೋಡೆಗಳು, ಒಂದೊಂದು ಕುಟುಂಬಕ್ಕೆ ಒಂದೋ ಎರಡೋ ಕೋಣೆ, ಒಂದು ಮನೆಯ ಒಲೆಯ ಹೊಗೆ ಪಕ್ಕದ ಮನೆಯ ತೊಟ್ಟಿಲಿಗೂ ತಲುಪುವಷ್ಟು ನೆರೆತನ, ಮುಂದಿನ ಅಂಗಳದಲ್ಲೊಂದು ನಲ್ಲಿ, ನಲ್ಲಿಯ ಮುಂದೆ ಕೊಡಗಳ ಇನ್ನೊಂದು ಲೈನು. 1951ರ ತೋಟ ಕಾರ್ಮಿಕರ ಕಾಯಿದೆ ವಸತಿಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತಾದರೂ, ಆ ವಸತಿಯ ಹೆಸರೂ ಆ ಹೆಸರಿಗೆ ಅಂಟಿದ ಕೀಳರಿಮೆಯೂ ತೊಲಗಲಿಲ್ಲ. ‘ಅವನು ಲೈನಿನವನು’ ಎಂಬ ಮಾತು ಮಲೆನಾಡಿನಲ್ಲಿ ಒಬ್ಬನ ವಿಳಾಸವಷ್ಟೇ ಅಲ್ಲ, ಅವನ ಸಾಮಾಜಿಕ ಸ್ಥಾನವೂ ಹೌದು. ಒಂದೇ ಸಾಮ್ರಾಜ್ಯದ ಆಡಳಿತವು ಒಂದೇ ಶಬ್ದವನ್ನು ನಾಗಪುರದಲ್ಲಿ ಮೇಲಿನವರಿಗೂ ಮಲೆನಾಡಿನಲ್ಲಿ ಕೆಳಗಿನವರಿಗೂ ಕೊಟ್ಟಿತು. ಎರಡರಲ್ಲಿ ಲೈನ್‌ಮನೆಯೇ ಶಬ್ದದ ನಿಜವಾದ ಅರ್ಥಕ್ಕೆ ಹೆಚ್ಚು ಪ್ರಾಮಾಣಿಕವಾಗಿದೆಯೆಂದು ನನ್ನ ಎಣಿಕೆ.

ಗೆರೆಯೆಂಬ ಅರ್ಥದಲ್ಲಿಯೂ ಕನ್ನಡನಾಡಿಗೂ ನಾಗಪುರದ ಈ ಪ್ರದೇಶಕ್ಕೂ ಒಂದು ಹಳೆಯ ನಂಟುಂಟು. ಶ್ರೀರಂಗಪಟ್ಟಣದ ಕೊನೆಯ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ಉಕ್ಕಿನ ಸರಪಳಿ ಹಿಡಿದು 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಮಿಕ್ಕಿದ ಒಂದು ಬೇಸ್‌ಲೈನನ್ನು ಅಳೆದು, ಮುಂದೆ ತ್ರಿಕೋನಗಳ ಮೇಲೆ ತ್ರಿಕೋನಗಳನ್ನು ಕಟ್ಟುತ್ತ ದಕ್ಷಿಣಾಪಥವನ್ನೆಲ್ಲ ಅಳೆಯಿಸಿ, 1823ರ ಜನವರಿಯಲ್ಲಿ ನಾಗಪುರಕ್ಕೆ ಬರುವ ದಾರಿಯಲ್ಲಿ ಇಲ್ಲಿಂದ ದಕ್ಷಿಣಕ್ಕಿರುವ ಹಿಂಗಣಘಾಟದಲ್ಲಿ ತೀರಿಕೊಂಡನು. ನಾಗಪುರಕ್ಕೆ ಬಂದವರೆಲ್ಲ ನಾಲ್ಕು ಕುದುರೆಗಳಿರುವ ಝೀರೋ ಮೈಲಿನ ಕಂಬದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಹಿಂಗಣಘಾಟದ ಗೋರಿಯನ್ನು ಹುಡುಕಿಕೊಂಡು ಹೋಗುವವರು ವಿರಳ.

ಲ್ಯಾಂಬ್ಟನ್ ಸತ್ತ 44 ವರ್ಷಗಳ ತರುವಾಯ, 1867ರಲ್ಲಿ, ಮುಂಬಯಿಯ ಕಡೆಯಿಂದ ನಾಗಪುರಕ್ಕೆ ರೈಲಿನ ಲೈನು ಬಂದಿತು. ಮುಂಬಯಿ-ಹೌರಾ ಮಾರ್ಗವನ್ನು ದೆಹಲಿ-ಚೆನ್ನೈ ಮಾರ್ಗವು ಇಲ್ಲಿ ಅಡ್ಡಹಾಯುವ ಡೈಮಂಡ್ ಕ್ರಾಸಿಂಗು ಊರಿನ ಹೆಮ್ಮೆಗಳಲ್ಲೊಂದು. ಬೆಂಗಳೂರಿನಿಂದ ಬಿಹಾರಕ್ಕೆ ಹೋಗುವ ಸಂಘಮಿತ್ರಾ ರೈಲಿನಲ್ಲಿ ಬರುವ ಕನ್ನಡಿಗರು ಇಳಿಯುವುದೂ ಈ ನಿಲ್ದಾಣದಲ್ಲೇ. ರೈಲು ನಮಗೆ ಕೊಟ್ಟ ಮಾತುಗಳಲ್ಲಿ ‘ಲೈನ್ ಕ್ಲಿಯರ್’ ಅತ್ಯಂತ ಸ್ವಾರಸ್ಯವಾದುದು. ಒಂಟಿಹಳಿಯ ಕಾಲದಲ್ಲಿ, ಮುಂದಿನ ನಿಲ್ದಾಣದ ಒಪ್ಪಿಗೆ ಸಿಕ್ಕಿದ ಮೇಲೆಯೇ ಯಂತ್ರದಿಂದ ಹೊರಬೀಳುತ್ತಿದ್ದ ಲೋಹದ ಗುಂಡನ್ನು ತೊಗಲಿನ ಚೀಲಕ್ಕೆ ಹಾಕಿ, ಆ ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಸಿಕ್ಕಿಸಿ, ಓಡುವ ರೈಲಿನಿಂದ ಚಾಚಿದ ತೋಳಿಗೆ ಅದು ಸರಿಯಾಗಿ ಸಿಕ್ಕುವಂತೆ ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಒಬ್ಬನು ಎತ್ತಿಹಿಡಿದು ನಿಲ್ಲುತ್ತಿದ್ದನು; ಆ ಗುಂಡು ಕೈಸೇರದೆ ಡ್ರೈವರನು ಮುಂದಿನ ಹಳಿಗೆ ಕಾಲಿಡುವಂತಿರಲಿಲ್ಲ. ಬಳೆ ಬಹುಮಟ್ಟಿಗೆ ಮರೆಯಾಯಿತು, ಮಾತು ಉಳಿಯಿತು. ‘ಹುಡುಗಿಯ ಮನೆಯಿಂದ ಲೈನ್ ಕ್ಲಿಯರ್ ಆಯಿತೇ?’ ಎಂದು ಕೇಳುವ ಸೋದರಮಾವನಿಗೆ ಆ ಗುಂಡಿನ ಸುದ್ದಿ ತಿಳಿದಿರಬೇಕಾಗಿಲ್ಲ.

ವಿದ್ಯುತ್ತಿನ ಲೈನನ್ನಂತೂ ಭಾರತದಲ್ಲಿ ಕನ್ನಡಿಗರಷ್ಟು ಮೊದಲು ಕಂಡವರು ಕಡಿಮೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತೊಂಬತ್ತಕ್ಕೂ ಹೆಚ್ಚು ಮೈಲಿ ದೂರ ತಂತಿ ಎಳೆದದ್ದು 1902ರಲ್ಲಿ. ಆ ತಂತಿಯ ವಂಶದವನೇ ಹಳ್ಳಿಹಳ್ಳಿಯ ಲೈನ್‌ಮನ್ನು. ಮಳೆಗಾಲದ ರಾತ್ರಿ ತಹಶೀಲ್ದಾರನಿಗಿಂತಲೂ ಅವನಿಗೆ ಹೆಚ್ಚು ಗೌರವ. ಕರ್ನಾಟಕದ ವಿದ್ಯುತ್ ಕಂಪನಿಗಳು ಈ ಹುದ್ದೆಗೆ ಈಗ ‘ಪವರ್‌ಮ್ಯಾನ್’ ಎಂದು ನಾಮಕರಣ ಮಾಡಿವೆ. ಒಂದು ಇಂಗ್ಲಿಷನ್ನು ತೆಗೆದು ಇನ್ನೊಂದು ಇಂಗ್ಲಿಷನ್ನು ಕೂರಿಸಿದ ಈ ಸುಧಾರಣೆಯ ಪ್ರಯೋಜನ ನನಗಂತೂ ಹೊಳೆಯಲಿಲ್ಲ. ಕಂಬದ ಬುಡದಲ್ಲಿ ನಿಂತ ರೈತನು ಇಂದಿಗೂ ‘ಲೈನ್‌ಮನ್ನು ಬಂದನೇ?’ ಎಂದೇ ಕೇಳುತ್ತಾನೆ.

ಉಳಿದ ಬಳಕೆಗಳನ್ನು ಎಣಿಸಹೊರಟರೆ ಪತ್ರಿಕೆಯ ಪುಟ ಸಾಲದು. ‘ನಿಮ್ಮದು ಯಾವ ಲೈನು?’ ಎಂದರೆ ಉದ್ಯೋಗ. ‘ಲೈನಿಗೆ ಹೋಗಿದ್ದಾರೆ’ ಎಂದರೆ ಅಂಗಡಿಯಿಂದಂಗಡಿಗೆ ಮಾಲು ಹಾಕಲು ಹೋಗಿದ್ದಾರೆ. ಗಾಂಧಿನಗರದಲ್ಲಿ ‘ಒಂದು ಲೈನು ಹೇಳ್ತೀನಿ’ ಎಂದರೆ ಇನ್ನೂ ಬರೆಯದ ಸಿನಿಮಾ ಕಥೆ. ಕಾಲೇಜಿನ ಗೇಟಿನ ಬಳಿ ‘ಲೈನು ಹೊಡೆಯುವುದು’ ಏನೆಂಬುದನ್ನು ಗಂಭೀರ ಪತ್ರಿಕೆಯಲ್ಲಿ ವಿವರಿಸಬೇಕಾಗಿಲ್ಲ. ಹೇಳಬೇಕಾದುದಿಷ್ಟೆ: ಈ ಕೊನೆಯ ಪ್ರಯೋಗವನ್ನು ಅಕ್ಷರಶಃ ಇಂಗ್ಲಿಷಿಗೆ ತಿರುಗಿಸಿದರೆ ಲಂಡನ್ನಿನವನು ಬೆಪ್ಪಾಗುವನು. ಶಬ್ದ ನಮ್ಮದಾಗಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ? ಪಾರಸಿಯ ‘ಜಮೀನು’ ಆ ಭಾಷೆಯಲ್ಲಿ ನೆಲವನ್ನೆಲ್ಲ ಹೇಳಿದರೆ, ನಮ್ಮ ರೈತನ ಬಾಯಲ್ಲಿ ಅದು ಉಳುವ ಹೊಲವೇ ಆಗಿಹೋಯಿತಲ್ಲವೆ?

ಲೈನು ಒಳನುಗ್ಗಿದ ಮೇಲೆ ನಮ್ಮ ಸಾಲು, ಸರದಿ, ಗೆರೆ, ಪಾಳಿಗಳ ಗತಿಯೇನೆಂದು ಕೇಳುವವರ ಆತಂಕ ನಿರಾಧಾರವಲ್ಲ. ಪಡಿತರ ಅಂಗಡಿಯ ಮುಂದೆ ‘ಸರದಿ’ ಎಂಬ ಮಾತು ಈಗ ಫಲಕದ ಮೇಲಷ್ಟೇ ಕಾಣುತ್ತದೆ. ಆದರೂ ಶಬ್ದಗಳು ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಊಟದ ಮನೆಯಲ್ಲಿ ಇಂದಿಗೂ ಮೊದಲ ಪಂಕ್ತಿ, ಎರಡನೆಯ ಪಂಕ್ತಿಗಳೇ ಹೊರತು ಮೊದಲ ಲೈನೆಂಬುದಿಲ್ಲ. ಅದಕ್ಕಿಂತಲೂ ಮಿಗಿಲಾದ ನಿದರ್ಶನವೊಂದುಂಟು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ 22ರಂದು ಒಂದು ನಿರ್ಣಯವೂ, ಅದಕ್ಕೆ ಪ್ರತಿಯಾಗಿ ನಾಗಪುರದ ವಿಧಾನಭವನದಲ್ಲಿ 27ರಂದು ಇನ್ನೊಂದು ನಿರ್ಣಯವೂ ಅಂಗೀಕೃತವಾದವು. ವಿವಾದವಿದ್ದುದು ನಕ್ಷೆಯ ಮೇಲೆ ಎರಡು ರಾಜ್ಯಗಳನ್ನು ಬೇರ್ಪಡಿಸುವ ಒಂದು ಗೆರೆಯನ್ನು ಕುರಿತು. ಆದರೆ ಅದನ್ನು ಕನ್ನಡಿಗರು ಗಡಿಯೆಂದರು, ಮರಾಠಿಗರು ಸೀಮೆಯೆಂದರು. ಲೈನೆಂದವರು ಯಾರೂ ಇಲ್ಲ. ಪ್ರಾಣವನ್ನಿಟ್ಟುಕೊಂಡ ಮಾತನ್ನು ಯಾವ ಇಂಗ್ಲಿಷೂ ಕದಲಿಸಲಾರದು.

ಸರ್ಕಾರಗಳು ಹೊಸ ಹೆಸರಿಡುವುದೂ ಯಾವಾಗಲೂ ವ್ಯರ್ಥವಲ್ಲ. 2019ರಲ್ಲಿ ಓಡತೊಡಗಿದ ನಾಗಪುರದ ಮೆಟ್ರೋ ತನ್ನ ಎರಡು ದಾರಿಗಳನ್ನು ಆರೆಂಜ್ ಲೈನ್, ಆಕ್ವಾ ಲೈನ್ ಎಂದು ಕರೆದಿದೆ. ಕಿತ್ತಳೆಗೆ ಹೆಸರಾದ ಊರಿನಲ್ಲಿ ಕಿತ್ತಳೆಗೇ ಇಂಗ್ಲಿಷು ಬೇಕಾಯಿತು. ಬೆಂಗಳೂರಿನ ಮೆಟ್ರೋ ಮಾತ್ರ ನೇರಳೆ ಮಾರ್ಗ, ಹಸಿರು ಮಾರ್ಗ ಎಂದಿತು. ಹ್ರಸ್ವವೂ ಹಿತವೂ ಆದುದರಿಂದ ಜನರೂ ಅಲ್ಲಲ್ಲಿ ಅದನ್ನು ಎತ್ತಿಕೊಂಡಿದ್ದಾರೆ. ನನಗೆ ಅಸಹ್ಯವಾಗುವುದು ಕೂಲಿಯವರು, ಗಾರೆಯವರು, ರೈಲಿನವರು ದುಡಿಮೆಯ ನಡುವೆ ಎತ್ತಿಕೊಂಡು ಸವೆಸಿ ಹದಮಾಡಿದ ಲೈನಲ್ಲ. ‘ಟೀಮೆಲ್ಲ ಅಲೈನ್ ಆಗಬೇಕು’, ‘ಇಂಟರ್‌ವ್ಯೂಗಳನ್ನು ಲೈನ್ ಅಪ್ ಮಾಡಿ’ ಎಂದು ತಣ್ಣನೆಯ ಕೊಠಡಿಗಳಲ್ಲಿ ಕೂತವರು ಆಡುವ ಭಾಷೆ. ಇದರಲ್ಲಿ ಇಂಗ್ಲಿಷು ಇಂಗ್ಲಿಷಾಗಿಯೇ ಉಳಿದು, ಕನ್ನಡವು ಬರಿಯ ‘ಮಾಡಿ’, ‘ಆಗಿ’ಗಳ ಊಳಿಗಕ್ಕೆ ನಿಂತಿರುತ್ತದೆ.

ಮಾಡಬೇಕಾದ ಕೆಲಸ ನಿಘಂಟಿನದು. ಕಿಟೆಲ್ ಮಹಾಶಯನು 1894ರ ತನ್ನ ಕೋಶದಲ್ಲಿ ಹಿಂದೂಸ್ತಾನಿಯಿಂದ ಬಂದ ಮಾತುಗಳಿಗೂ ಎಡೆಕೊಟ್ಟನು, ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗೆಂದೇ ಒಂದು ಕೋಶವನ್ನು ರಚಿಸಿದರು. ಆ ದಾರಿಯಲ್ಲಿ ಮುಂದುವರಿದು, ಲೈನಿನಂಥ ಶಬ್ದಕ್ಕೆ ‘ಗೆರೆ, ಸಾಲು’ ಎಂಬ ಇಂಗ್ಲಿಷಿನ ಅರ್ಥವೆರಡನ್ನು ಕೊಟ್ಟು ಕೈತೊಳೆದುಕೊಳ್ಳದೆ, ಅದು ಕನ್ನಡದಲ್ಲಿ ಪಡೆದ ಅರ್ಥಗಳನ್ನು ಊರೂರಿನ ಪ್ರಯೋಗಗಳೊಡನೆ ದಾಖಲಿಸಬೇಕು. ಲೈನ್‌ದಾರವನ್ನು ಗಾರೆಯವನಿಂದ, ಲೈನ್ ಕ್ಲಿಯರನ್ನು ನಿವೃತ್ತ ಸ್ಟೇಷನ್ ಮಾಸ್ತರರಿಂದ ಕೇಳಿ ಬರೆದುಕೊಳ್ಳುವ ಕೆಲಸ ಆ ತಲೆಮಾರು ಇರುವಾಗಲೇ ಆಗಬೇಕು. ಇನ್ನು ಲೈನ್‌ಮನೆ: ತೋಟದ ಸಾಲುಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಹಲವರು ಇಂದು ಪದವೀಧರರಾಗಿದ್ದಾರೆ, ಉಪಾಧ್ಯಾಯರೂ ಆಗಿದ್ದಾರೆ. ಆ ಪದದ ಅರ್ಥವಿವರಣೆಯನ್ನು ಅವರಿಂದಲೇ ಬರೆಸತಕ್ಕದ್ದು.